ಹರಿವಿನ ಲೆಕ್ಕಕ್ಕೊಂದು ವರ್ಕ್‌ಸ್ಟೇಷನ್: ಎಎಂಡಿ ಎಪಿಕ್ 9354ಪಿ ವಿಮರ್ಶೆ

ಸಿಎಫ್‌ಡಿ, ಅಂದರೆ ನೀರು, ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸಕ್ಕೆಂದು ಕಂಪ್ಯೂಟರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಕೋರ್‌ಗಳ ಸಂಖ್ಯೆಯನ್ನು, ಆಮೇಲೆ ಗಿಗಾಹರ್ಟ್ಸ್ ಅನ್ನು, ಕೊನೆಗೆ ಮೆಮೊರಿ ಎಷ್ಟು ಜಿಬಿ ಎಂಬುದನ್ನು. ಮೆಮೊರಿಗೆ ಎಷ್ಟು ಚಾನೆಲ್‌ಗಳಿವೆ (ಅಲ್ಲಿಂದ ಪ್ರೊಸೆಸರಿಗೆ ದತ್ತಾಂಶ ಸಾಗುವ ದಾರಿಗಳು), ಅವೆಲ್ಲವೂ ತುಂಬಿವೆಯೇ ಎಂದು ಕೇಳುವವರು ವಿರಳ. ಹರಿವಿನ ಸಮೀಕರಣಗಳನ್ನು ಬಿಡಿಸುವ ತಂತ್ರಾಂಶದ ಮಟ್ಟಿಗೆ ಇಡೀ ಯಂತ್ರದ ಯೋಗ್ಯತೆ ನಿಂತಿರುವುದು ಬಹುಪಾಲು ಈ ಕೊನೆಯ ಪ್ರಶ್ನೆಯ ಮೇಲೆಯೇ ಎಂಬುದು ಈ ವಿಮರ್ಶೆಯ ಉದ್ದಕ್ಕೂ ಮತ್ತೆ ಮತ್ತೆ ಎದುರಾಗುವ ಸಂಗತಿ.

ಇಲ್ಲಿ ಪರೀಕ್ಷೆಗೆ ಒಳಪಟ್ಟಿರುವುದು ಎಎಂಡಿಯ ಎಪಿಕ್ 9354ಪಿ ಪ್ರೊಸೆಸರ್ ಹಾಕಿ ಕಟ್ಟಿಸಿದ ಒಂದು ಟವರ್ ವರ್ಕ್‌ಸ್ಟೇಷನ್. ‘ಜೆನೋವಾ’ ಎಂಬ ಹೆಸರಿನ ಈ ಪೀಳಿಗೆಯನ್ನು ಎಎಂಡಿ 2022ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. 9354ಪಿಯಲ್ಲಿ 32 ಕೋರ್‌ಗಳು, 256 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಪುಟ್ಟ, ವೇಗದ ಮೆಮೊರಿ) ಮತ್ತು ಡಿಡಿಆರ್5-4800 ಮೆಮೊರಿಗೆ 12 ಚಾನೆಲ್‌ಗಳಿವೆ. ಮೂಲ ವೇಗ 3.25 ಗಿಗಾಹರ್ಟ್ಸ್, ಗರಿಷ್ಠ ವೇಗ 3.8 ಗಿಗಾಹರ್ಟ್ಸ್, ವಿದ್ಯುತ್ ಮಿತಿ 280 ವ್ಯಾಟ್. ಹೆಸರಿನ ಕೊನೆಯ ‘ಪಿ’ ಅಕ್ಷರವು ಇದು ಒಂದೇ ಸಾಕೆಟ್ಟಿನ ಬೋರ್ಡುಗಳಿಗೆ ಮೀಸಲು ಎಂಬುದನ್ನು ಸೂಚಿಸುತ್ತದೆ. ಎರಡು ಸಾಕೆಟ್ಟಿನಲ್ಲಿಯೂ ನಡೆಯುವ 9354ರ ಬಿಡುಗಡೆ ಬೆಲೆ 3,420 ಡಾಲರ್ ಇದ್ದರೆ ಇದರದು 2,730 ಡಾಲರ್. ಒಂದೇ ಪ್ರೊಸೆಸರ್ ಸಾಕು ಎನ್ನುವವರು ಆ ಒಂದಕ್ಷರವನ್ನು ಕೇಳಿ ಪಡೆಯುವುದು ಲೇಸು.

ಯಂತ್ರ ಕೆಲಸ ಮಾಡುತ್ತಿರುವುದು ಪೀಣ್ಯದ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿ. ಪಂಪಿನ ಇಂಪೆಲರ್‌ಗಳು, ವಾಲ್ವ್‌ಗಳು, ಕಾರ್ಖಾನೆಗಳ ಗಾಳಿಯ ಡಕ್ಟ್‌ಗಳು ನಮ್ಮ ದಿನನಿತ್ಯದ ಕೆಲಸ. ಬಹುತೇಕ ಓಪನ್‌ಫೋಮ್ ಎಂಬ ಮುಕ್ತ ಸಿಎಫ್‌ಡಿ ತಂತ್ರಾಂಶ ಬಳಸುತ್ತೇವೆ, ಗ್ರಾಹಕರು ಒತ್ತಾಯಿಸಿದಲ್ಲಿ ಲೈಸೆನ್ಸ್ ಕೊಳ್ಳಬೇಕಾದ ಫ್ಲೂಯೆಂಟ್. ಹರಿವಿನ ಜಾಗವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಕತ್ತರಿಸಿದ ಮೆಶ್‌ಗಳು 20 ಲಕ್ಷ ಸೆಲ್‌ಗಳಿಂದ 3 ಕೋಟಿ ಸೆಲ್‌ಗಳವರೆಗೆ ಇರುತ್ತವೆ. ಹೋಲಿಕೆಗೆ ಸಿಕ್ಕ ಯಂತ್ರಗಳು ಎರಡು: ಕಚೇರಿಯಲ್ಲಿ ಮೊದಲಿನಿಂದ ಇದ್ದ 16 ಕೋರ್‌ಗಳ ರೈಜ಼ನ್ 9 7950ಎಕ್ಸ್, ಮತ್ತು ಪರಿಚಯದವರ ಕಚೇರಿಯಲ್ಲಿರುವ 64 ಕೋರ್‌ಗಳ ಥ್ರೆಡ್‌ರಿಪ್ಪರ್ 7980ಎಕ್ಸ್.

ಕೋರ್‌ಗಳಿಗಿಂತ ಚಾನೆಲ್‌ಗಳು ಏಕೆ ಮುಖ್ಯ ಎಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಿ ನೋಡಬಹುದು. ಸ್ಥಿರ ಸಾಂದ್ರತೆಯ ಹರಿವನ್ನು ಬಿಡಿಸುವಾಗ ಹೆಚ್ಚಿನ ಸಮಯ ಒತ್ತಡದ ಸಮೀಕರಣಕ್ಕೆ ಹೋಗುತ್ತದೆ. ಅದರ ಹೃದಯಭಾಗದಲ್ಲಿರುವುದು ಬಹುಪಾಲು ಸೊನ್ನೆಗಳೇ ತುಂಬಿದ ಒಂದು ಬೃಹತ್ ಮ್ಯಾಟ್ರಿಕ್ಸನ್ನು ಒಂದು ವೆಕ್ಟರಿನಿಂದ ಗುಣಿಸುವ ಕೆಲಸ. ಸೊನ್ನೆಯಲ್ಲದ ಒಂದು ಅಂಶಕ್ಕೆ ಸಾಮಾನ್ಯ ಸಂಗ್ರಹ ಕ್ರಮದಲ್ಲಿ 8 ಬೈಟ್ ಮೌಲ್ಯ, 4 ಬೈಟ್ ವಿಳಾಸ, ಒಟ್ಟು 12 ಬೈಟ್‌ಗಳನ್ನು ಮೆಮೊರಿಯಿಂದ ತರಬೇಕು. ತಂದ ಮೇಲೆ ಮಾಡುವ ಗಣಿತ ಒಂದು ಗುಣಾಕಾರ, ಒಂದು ಸಂಕಲನ. ಅಂದರೆ 6 ಬೈಟ್‌ಗಳಿಗೆ ಒಂದು ಲೆಕ್ಕ. 9354ಪಿಯ ಒಂದೊಂದು ಚಾನೆಲ್ ಸೆಕೆಂಡಿಗೆ 38.4 ಜಿಬಿ ಸಾಗಿಸಬಲ್ಲದು, ಹನ್ನೆರಡೂ ಸೇರಿ 460.8 ಜಿಬಿ. ಅದನ್ನು ಆರರಿಂದ ಭಾಗಿಸಿದರೆ ಸುಮಾರು 77 ಗಿಗಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 7,700 ಕೋಟಿ ಲೆಕ್ಕ ಸಿಗುತ್ತದೆ. ಇದೇ ಪ್ರೊಸೆಸರಿನ 32 ಕೋರ್‌ಗಳು ಒಂದು ಗಡಿಯಾರ ಬಡಿತಕ್ಕೆ 16 ಲೆಕ್ಕದಂತೆ 3.25 ಗಿಗಾಹರ್ಟ್ಸ್‌ನಲ್ಲಿ ಮಾಡಬಲ್ಲ ಗಣಿತ 1,664 ಗಿಗಾಫ್ಲಾಪ್ಸ್. ಮೆಮೊರಿಯಿಂದಲೇ ಎಲ್ಲವೂ ಬರಬೇಕಾದಾಗ ಕೋರ್‌ಗಳ ಸಾಮರ್ಥ್ಯದಲ್ಲಿ ನೂರಕ್ಕೆ ಐದು ಪಾಲು ಕೂಡ ಬಳಕೆಯಾಗುವುದಿಲ್ಲ. ಮದುವೆ ಮನೆಯಲ್ಲಿ ಅಡುಗೆಯವರನ್ನು ಎಷ್ಟು ಕರೆಸಿದರೂ ಉಗ್ರಾಣದ ಬಾಗಿಲು ಒಂದೇ ಇದ್ದರೆ ಅವರು ಬಾಗಿಲ ಬಳಿ ಸಾಲಾಗಿ ನಿಲ್ಲುವುದೇ ಸರಿ.

ಇದು ವರ್ಕ್‌ಸ್ಟೇಷನ್‌ಗಳಿಗೆ ಮಾತ್ರ ಅಂಟಿದ ತೊಂದರೆಯೂ ಅಲ್ಲ. ಅಮೆರಿಕದ ಫ್ರಾಂಟಿಯರ್ ಸೂಪರ್‌ಕಂಪ್ಯೂಟರ್ ದಟ್ಟ ಮ್ಯಾಟ್ರಿಕ್ಸ್ ಬಿಡಿಸುವ ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ ಒಂದು ಎಕ್ಸಾಫ್ಲಾಪ್ಸ್ (ಸಾವಿರ ಪೆಟಾಫ್ಲಾಪ್ಸ್, ನೂರು ಕೋಟಿ ಗಿಗಾಫ್ಲಾಪ್ಸ್) ಗಡಿ ದಾಟಿ ಜಪಾನಿನ ಫುಗಾಕುವನ್ನು ಎರಡು ಪಟ್ಟಿಗೂ ಹೆಚ್ಚು ಅಂತರದಲ್ಲಿ ಹಿಂದಿಕ್ಕಿತು. ಆದರೆ ನಮ್ಮ ಕೆಲಸವನ್ನು ಹೋಲುವ ಎಚ್‌ಪಿಸಿಜಿ ಪರೀಕ್ಷೆಯಲ್ಲಿ ಫುಗಾಕು 16 ಪೆಟಾಫ್ಲಾಪ್ಸ್ ತೋರಿದರೆ ಫ್ರಾಂಟಿಯರ್ 14ರ ಆಸುಪಾಸಿನಲ್ಲಿ ನಿಂತಿತು. ಫುಗಾಕುವಿನ ಪ್ರತಿಯೊಂದು ಪ್ರೊಸೆಸರಿಗೂ ಅಂಟಿಕೊಂಡೇ ಇರುವ ಎಚ್‌ಬಿಎಂ2 ಮೆಮೊರಿ ಸೆಕೆಂಡಿಗೆ 1,024 ಜಿಬಿ ಒದಗಿಸುತ್ತದೆ ಎಂಬುದು ಇದರ ಹಿಂದಿನ ಗುಟ್ಟು.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಮೂರೂ ಯಂತ್ರಗಳನ್ನು ನೋಡಬೇಕು. 7950ಎಕ್ಸ್‌ಗೆ ಇರುವುದು ಎರಡೇ ಚಾನೆಲ್. ಕಂಪನಿ ಒಪ್ಪುವ ಡಿಡಿಆರ್5-5200 ವೇಗದಲ್ಲಿ ಸೆಕೆಂಡಿಗೆ ಒಟ್ಟು 83.2 ಜಿಬಿ, ಕೋರಿಗೆ 5.2 ಜಿಬಿ. 7980ಎಕ್ಸ್‌ಗೆ ನಾಲ್ಕು ಚಾನೆಲ್, 166.4 ಜಿಬಿ, ಅದನ್ನು 64 ಕೋರ್‌ಗಳಿಗೆ ಹಂಚಿದರೆ ತಲೆಗೆ 2.6 ಜಿಬಿ ಮಾತ್ರ. 9354ಪಿಯಲ್ಲಿ ಒಂದು ಕೋರಿಗೆ 14.4 ಜಿಬಿ ಬರುತ್ತದೆ. 7980ಎಕ್ಸ್‌ನ ಬಿಡುಗಡೆ ಬೆಲೆ 4,999 ಡಾಲರ್ ಎಂಬುದನ್ನು ಇದರೊಡನೆ ಇಟ್ಟು ನೋಡಿದರೆ, ಆ ಪ್ರೊಸೆಸರನ್ನು ಸಿಎಫ್‌ಡಿಗೆಂದು ಯಾರಿಗಾದರೂ ಶಿಫಾರಸು ಮಾಡಲು ನನಗೆ ಮನಸ್ಸು ಬಾರದು. ವೀಡಿಯೊ ರೆಂಡರಿಂಗ್ ಮಾಡುವವರಿಗೆ, ದೊಡ್ಡ ತಂತ್ರಾಂಶಗಳನ್ನು ಕಂಪೈಲ್ ಮಾಡುವವರಿಗೆ ಅದು ಸೊಗಸಾದ ಯಂತ್ರವೇ. ಅದರ ಅಣ್ಣನಂತಿರುವ ಥ್ರೆಡ್‌ರಿಪ್ಪರ್ ಪ್ರೊದಲ್ಲಿ ಎಂಟು ಚಾನೆಲ್‌ಗಳಿರುವುದರಿಂದ ಅದರ ಮಾತು ಬೇರೆ.

ಇನ್ನು ನಮ್ಮ ಯಂತ್ರ ಬಂದ ಬಗೆ. ಕೊಟೇಶನ್ನಿನಲ್ಲಿ ‘256 ಜಿಬಿ ಡಿಡಿಆರ್5 ಇಸಿಸಿ’ ಎಂದಷ್ಟೇ ಬರೆದಿತ್ತು. ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದಾಗ ಕಂಡದ್ದು ಇದು: ನಡುವೆ ಅಂಗೈಯಗಲದ ಕೂಲರ್, ಅದರ ಎಡಕ್ಕೆ ಆರು ಬಲಕ್ಕೆ ಆರು ಮೆಮೊರಿ ಸ್ಲಾಟ್‌ಗಳು, ಅವುಗಳಲ್ಲಿ ಈ ಕಡೆ ಎರಡು ಆ ಕಡೆ ಎರಡು ಮಾತ್ರ ತುಂಬಿದ್ದು ಉಳಿದವೆಲ್ಲ ಖಾಲಿ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಆಜ್ಞೆ ಕೊಟ್ಟರೆ 64 ಜಿಬಿಯ ನಾಲ್ಕು ಮೆಮೊರಿ ಪಟ್ಟಿಗಳ ವಿವರ ಬಂದು, ‘ನೋ ಮಾಡ್ಯೂಲ್ ಇನ್‌ಸ್ಟಾಲ್ಡ್’ ಎಂಬ ಸಾಲು ಎಂಟು ಬಾರಿ ಮೂಡಿತು. ಸಾಮರ್ಥ್ಯ ಬರೆದಷ್ಟೇ ಇತ್ತು, ಮೋಸ ಎನ್ನುವಂತಿಲ್ಲ. ಆದರೆ ಹನ್ನೆರಡು ಚಾನೆಲ್‌ಗಳಲ್ಲಿ ನಾಲ್ಕು ಮಾತ್ರ ಕೆಲಸ ಮಾಡುತ್ತಿದ್ದುದರಿಂದ ಸೆಕೆಂಡಿಗೆ 460.8 ಜಿಬಿಯ ಜಾಗದಲ್ಲಿ ಸಿಗುತ್ತಿದ್ದುದು 153.6 ಜಿಬಿ, ಮೇಲೆ ಬೇಡವೆಂದ ಥ್ರೆಡ್‌ರಿಪ್ಪರಿಗಿಂತಲೂ ಕಡಿಮೆ. ಯಂತ್ರ ಕಟ್ಟಿಕೊಟ್ಟವರಿಗೆ ಫೋನ್ ಮಾಡಿದಾಗ ‘ಸರ್, ಮುಂದೆ ಮೆಮೊರಿ ಹೆಚ್ಚಿಸಬೇಕೆಂದರೆ ಸ್ಲಾಟ್ ಖಾಲಿ ಇರಲಿ ಅಂತ ಹಾಗೆ ಮಾಡಿದೆವು’ ಎಂದರು. ಮನೆಯ ಕಂಪ್ಯೂಟರಿಗೆ ಇದು ಒಳ್ಳೆಯ ಸಲಹೆಯೇ ಆಗಿರಬಹುದು. ಸ್ವಲ್ಪ ಮಾತುಕತೆಯಾದ ಮೇಲೆ ಅವರೇ ಆ ನಾಲ್ಕನ್ನು ಹಿಂದಕ್ಕೆ ಪಡೆದು 16 ಜಿಬಿಯ ಹನ್ನೆರಡು ಪಟ್ಟಿಗಳನ್ನು ಹಾಕಿಕೊಟ್ಟರು. ಒಟ್ಟು 192 ಜಿಬಿ. ಓಪನ್‌ಫೋಮ್‌ನಲ್ಲಿ ಹತ್ತು ಲಕ್ಷ ಸೆಲ್‌ಗಳಿಗೆ ಒಂದರಿಂದ ಎರಡು ಜಿಬಿ ಬೇಕು ಎಂಬ ರೂಢಿಯ ಅಂದಾಜಿನಲ್ಲಿ ನಮ್ಮ 3 ಕೋಟಿ ಸೆಲ್‌ಗಳಿಗೆ 60 ಜಿಬಿ ಆದರೆ ಹೆಚ್ಚು. ಜಿಬಿ ಕಡಿಮೆಯಾಯಿತು, ಯಂತ್ರ ಬೇರೆಯೇ ಆಯಿತು.

ಒಂದು ದೃಷ್ಟಿಯಿಂದ ಈ ಅಡಚಣೆ ವಿಮರ್ಶೆಗೆ ಉಪಕಾರವನ್ನೇ ಮಾಡಿತು. ಅದೇ ಪ್ರೊಸೆಸರ್, ಅದೇ ಬೋರ್ಡ್, ಅದೇ ತಂತ್ರಾಂಶ, ಮೆಮೊರಿ ಚಾನೆಲ್‌ಗಳು ಮಾತ್ರ ನಾಲ್ಕರಿಂದ ಹನ್ನೆರಡಕ್ಕೆ. ನಾಲ್ಕು ಪಟ್ಟಿಗಳಿದ್ದಾಗ ದೊಡ್ಡ ಮೆಶ್‌ನಲ್ಲಿ ಹನ್ನೆರಡು ಕೋರ್‌ಗಳ ಆಸುಪಾಸಿನಲ್ಲಿಯೇ ವೇಗದ ರೇಖೆ ಬಾಗಿ ಮಲಗಿಬಿಡುತ್ತಿತ್ತು; ಅದರಾಚೆ ಎಷ್ಟು ಕೋರ್‌ಗಳನ್ನು ಸೇರಿಸಿದರೂ ಒಂದು ಇಟರೇಶನ್ನಿಗೆ, ಅಂದರೆ ಲೆಕ್ಕದ ಒಂದು ಸುತ್ತಿಗೆ, ಹಿಡಿಯುವ ಸಮಯದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಹನ್ನೆರಡೂ ತುಂಬಿದ ಮೇಲೆ 16ರಿಂದ 24ಕ್ಕೆ, 24ರಿಂದ 32ಕ್ಕೆ ಹೋಗುವಾಗಲೂ ರೇಖೆ ಏರುತ್ತಲೇ ಇರುತ್ತದೆ, ಕೊನೆಯ ಎಂಟು ಕೋರ್‌ಗಳಲ್ಲಿ ಏರಿಕೆ ಸ್ವಲ್ಪ ಮಂದವಾಗುತ್ತದೆ ಅಷ್ಟೆ. 7950ಎಕ್ಸ್‌ನಲ್ಲಿ ಆರೆಂಟು ಕೋರ್‌ಗಳಿಗೇ ಆಟ ಮುಗಿಯುತ್ತದೆ. 7980ಎಕ್ಸ್‌ನಲ್ಲಿ 64 ಕೋರ್‌ಗಳ ಓಟಕ್ಕೂ 32 ಕೋರ್‌ಗಳ ಓಟಕ್ಕೂ ವ್ಯತ್ಯಾಸ ಹುಡುಕಬೇಕು. ಇಲ್ಲಿ ಸೆಕೆಂಡುಗಳ ಪಟ್ಟಿ ಕೊಡದಿರಲು ಕಾರಣವಿದೆ: ಓಪನ್‌ಫೋಮ್‌ನ ಆವೃತ್ತಿ, ಕಂಪೈಲರ್, ಎಂಪಿಐ (ಬೇರೆ ಬೇರೆ ಕೋರ್‌ಗಳ ಪ್ರಕ್ರಿಯೆಗಳು ಪರಸ್ಪರ ಮಾತಾಡುವ ವ್ಯವಸ್ಥೆ) ಗ್ರಂಥಾಲಯ ಬದಲಾದರೆ ಸೆಕೆಂಡುಗಳೂ ಬದಲಾಗುತ್ತವೆ, ರೇಖೆ ಎಲ್ಲಿ ಬಾಗುತ್ತದೆ ಎಂಬುದು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಪರೀಕ್ಷೆಯ ವಿಧಾನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಂಥ ಯಂತ್ರಗಳ ಬಗ್ಗೆ ಓಡಾಡುವ ಅಂಕಿಗಳಲ್ಲಿ ಬಹಳಷ್ಟು ದಾರಿ ತಪ್ಪಿಸುವಂಥವು. ಮೊದಲನೆಯದು ಸ್ಟ್ರೀಮ್. ಜಾನ್ ಮೆಕಾಲ್ಪಿನ್ ಅವರು ರೂಪಿಸಿದ ಈ ಪುಟ್ಟ ಪ್ರೋಗ್ರಾಂ ಮೂರು ಉದ್ದನೆಯ ಸಾಲುಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಒಂದನ್ನು ಗುಣಿಸಿ ಇನ್ನೊಂದಕ್ಕೆ ಕೂಡಿಸಿ ಮೂರನೆಯದರಲ್ಲಿ ಬರೆಯುತ್ತ, ಸೆಕೆಂಡಿಗೆ ಎಷ್ಟು ಬೈಟ್‌ಗಳು ಸಾಗಿದವು ಎಂದು ಹೇಳುತ್ತದೆ. ಪ್ರತಿ ಸಾಲೂ ಒಟ್ಟು ಕ್ಯಾಶ್‌ನ ನಾಲ್ಕು ಪಟ್ಟಾದರೂ ದೊಡ್ಡದಿರಬೇಕು ಎಂಬುದು ಅದರ ನಿಯಮ. ಆದರೆ ಪ್ರೋಗ್ರಾಮಿನಲ್ಲಿ ಮೊದಲೇ ಬರೆದಿರುವ ಗಾತ್ರ ಒಂದು ಕೋಟಿ ಅಂಶಗಳು, ಅಂದರೆ ಒಂದು ಸಾಲಿಗೆ 80 ಎಂಬಿ, ಮೂರಕ್ಕೂ ಸೇರಿ 240 ಎಂಬಿ. 9354ಪಿಯ ಕ್ಯಾಶ್ 256 ಎಂಬಿ! ಗಾತ್ರವನ್ನು ಬದಲಿಸದೆ ಓಡಿಸಿದರೆ ಲೆಕ್ಕವೆಲ್ಲ ಹೆಚ್ಚುಕಡಿಮೆ ಕ್ಯಾಶ್‌ನೊಳಗೇ ಮುಗಿದು, ಮೆಮೊರಿಗೆ ಸಾಧ್ಯವೇ ಇಲ್ಲದ ಅಂಕಿ ತೆರೆಯ ಮೇಲೆ ಬರಬಹುದು. ನಾಲ್ಕೇ ಪಟ್ಟಿ ಇರುವ ಯಂತ್ರವೂ ಹನ್ನೆರಡು ಇರುವುದರಂತೆ ಬೀಗುತ್ತದೆ. ನಿಯಮದಂತೆ ಒಂದು ಸಾಲಿಗೆ ಒಂದು ಜಿಬಿ, ಎಂದರೆ ಹದಿಮೂರೂವರೆ ಕೋಟಿ ಅಂಶಗಳಾದರೂ ಬೇಕು. ಆಗ ಮೂರು ಸಾಲೂ ಸೇರಿ ಎರಡು ಜಿಬಿ ಮೀರುವುದರಿಂದ ಕಂಪೈಲ್ ಮಾಡುವಾಗ ಎಂಸಿಮಾಡೆಲ್ ಎಂಬ ಆಯ್ಕೆಯನ್ನು ‘ಮೀಡಿಯಂ’ ಎಂದು ಕೊಡಬೇಕಾಗುತ್ತದೆ, ಇಲ್ಲವಾದರೆ ಲಿಂಕರ್ ತಕರಾರು ಮಾಡುತ್ತದೆ. ಹೀಗೆ ಸರಿಯಾಗಿ ಓಡಿಸಿದಾಗ ಕಾಗದದ ಮೇಲಿನ ಅಂಕಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಸಿಕ್ಕರೆ ಯಂತ್ರ ಆರೋಗ್ಯವಾಗಿದೆ ಎಂದುಕೊಳ್ಳಬಹುದು.

ಎರಡನೆಯದು ಓಪನ್‌ಫೋಮ್ ಜೊತೆಗೇ ಬರುವ ಮೋಟರ್‌ಬೈಕ್ ಉದಾಹರಣೆ. ಸವಾರನೊಬ್ಬ ಕುಳಿತ ಬೈಕಿನ ಸುತ್ತ ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಹರಿಯುವ ಈ ಪ್ರಸಂಗವನ್ನು ಜಗತ್ತಿನ ಎಲ್ಲ ಸಿಎಫ್‌ಡಿ ಮಂದಿಯೂ ಒಮ್ಮೆಯಾದರೂ ಓಡಿಸಿರುತ್ತಾರೆ. ಇದ್ದಂತೆಯೇ ಓಡಿಸಿದರೆ ಮೆಶ್ ಕೆಲವೇ ಲಕ್ಷ ಸೆಲ್‌ಗಳದು, ಇಂದಿನ ಯಂತ್ರಗಳಿಗೆ ಅದು ಊಟಕ್ಕೆ ಮುಂಚಿನ ಉಪ್ಪಿನಕಾಯಿ. ಹಿನ್ನೆಲೆಯ ಮೆಶ್‌ನ್ನು ಮೂರೂ ದಿಕ್ಕಿನಲ್ಲಿ ಇಮ್ಮಡಿಸಿ ಸುಮಾರು 20 ಲಕ್ಷ ಸೆಲ್‌ಗಳಿಗೆ ಏರಿಸಿ, ನೂರು ಇಟರೇಶನ್‌ಗಳ ಸಮಯವನ್ನು ಹೋಲಿಸುವುದು ವಾಡಿಕೆಯಾಗಿದೆ. ಈ ವಾಡಿಕೆಯಲ್ಲಿಯೂ ಒಂದು ತೊಡಕಿದೆ. ಆರು ಮುಖಗಳ ಸೆಲ್‌ಗಳ ಮೆಶ್‌ನಲ್ಲಿ ಒಂದೊಂದು ಮುಖವೂ ಎರಡು ಸೆಲ್‌ಗಳಿಗೆ ಸೇರಿರುವುದರಿಂದ ಒಂದು ಸೆಲ್ಲಿಗೆ ಸರಾಸರಿ ಮೂರು ಮುಖಗಳು ಬರುತ್ತವೆ. 20 ಲಕ್ಷ ಸೆಲ್‌ಗಳಿಗೆ 60 ಲಕ್ಷ ಮುಖಗಳು. ಓಪನ್‌ಫೋಮ್ ಒತ್ತಡದ ಮ್ಯಾಟ್ರಿಕ್ಸನ್ನು ಸಂಗ್ರಹಿಸುವ ಕ್ರಮದಲ್ಲಿ ಒಂದು ಮುಖಕ್ಕೆ 8 ಬೈಟ್ ಮೌಲ್ಯ ಮತ್ತು ಎರಡು ಬದಿಯ ಸೆಲ್‌ಗಳ ವಿಳಾಸಕ್ಕೆ ತಲಾ 4 ಬೈಟ್ ಬೇಕು, ಅದು 96 ಎಂಬಿ. ಕರ್ಣದ ಅಂಶಗಳು ಮತ್ತು ಎರಡು ವೆಕ್ಟರ್‌ಗಳಿಗೆ ಇನ್ನೊಂದು 48 ಎಂಬಿ ಸೇರಿಸಿದರೆ 144 ಎಂಬಿ ಆಗುತ್ತದೆ. ಅಂದರೆ ಅತಿ ಹೆಚ್ಚು ಸಮಯ ತಿನ್ನುವ ಭಾಗವೇ 256 ಎಂಬಿ ಕ್ಯಾಶ್‌ನೊಳಗೆ ಹೆಚ್ಚುಕಡಿಮೆ ಕೂತುಬಿಡುತ್ತದೆ. ಆಗ ನಾವು ಅಳೆಯುತ್ತಿರುವುದು ಮೆಮೊರಿಯನ್ನೋ ಕ್ಯಾಶನ್ನೋ ಎಂದು ಹೇಳಲಾಗುವುದಿಲ್ಲ. ಕೋರ್‌ಗಳನ್ನು ಇಮ್ಮಡಿಸಿದಾಗ ವೇಗ ಇಮ್ಮಡಿಗಿಂತಲೂ ಹೆಚ್ಚಾಯಿತು ಎಂದು ಕೆಲವರು ಅಚ್ಚರಿಪಡುವುದು ಇದೇ ಕಾರಣಕ್ಕೆ: ಪ್ರತಿ ಕೋರಿನ ಪಾಲು ಚಿಕ್ಕದಾಗುತ್ತ ಹೋಗಿ ಒಂದು ಹಂತದಲ್ಲಿ ಅದರ ಪಕ್ಕದ ಕ್ಯಾಶ್‌ನಲ್ಲೇ ಹಿಡಿಯುತ್ತದೆ.

ಆದ್ದರಿಂದ ಒಂದೇ ಗಾತ್ರದ ಪರೀಕ್ಷೆಯನ್ನು ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. 20 ಲಕ್ಷದ ಬೈಕಿನ ಜೊತೆಗೆ, ಪ್ರತಿ ದಿಕ್ಕಿಗೂ 200 ಸೆಲ್‌ಗಳಂತೆ 80 ಲಕ್ಷ ಸೆಲ್‌ಗಳ ಮೂರು ಆಯಾಮದ ಕ್ಯಾವಿಟಿ (ಪೆಟ್ಟಿಗೆಯೊಳಗಿನ ಹರಿವು) ಪ್ರಸಂಗವನ್ನೂ, ನಮ್ಮದೇ ಒಂದು ಪಂಪಿನ 3 ಕೋಟಿ ಸೆಲ್‌ಗಳ ಮೆಶ್‌ನ್ನೂ ಸೇರಿಸಿಕೊಂಡು ಓಡಿಸಿದೆ. ಸಣ್ಣ ಮೆಶ್‌ನಲ್ಲಿ 9354ಪಿ ಬೆರಗು ಹುಟ್ಟಿಸುತ್ತದೆ. ದೊಡ್ಡದರಲ್ಲಿ ತನ್ನ ನಿಜವಾದ ವೇಗಕ್ಕೆ ಇಳಿಯುತ್ತದೆ, ಆದರೂ ಮೂರು ಯಂತ್ರಗಳ ಪೈಕಿ ಅಂತರ ಕಡಿಮೆಯಾಗುವುದಿಲ್ಲ, ಮೆಮೊರಿಯ ಪಾತ್ರ ಹೆಚ್ಚಾದಷ್ಟೂ ಅದು ಹಿಗ್ಗುತ್ತದೆ.

ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಓಡಿಸಿದರೆ ಇದರ ಪೂರ್ಣ ಫಲ ಸಿಗುವುದಿಲ್ಲ. ಯಂತ್ರ ಏಳುವಾಗ ಮೊದಲು ಓಡುವ ಬಯಾಸ್‌ನಲ್ಲಿ ಎನ್‌ಪಿಎಸ್ (ಒಂದು ಸಾಕೆಟ್ಟಿಗೆ ಎಷ್ಟು ಮೆಮೊರಿ ವಲಯ) ಎಂಬ ಆಯ್ಕೆ ಸಾಮಾನ್ಯವಾಗಿ 1 ಇರುತ್ತದೆ. ಆಗ ಇಡೀ ಪ್ರೊಸೆಸರ್ ಒಂದೇ ಮೆಮೊರಿ ವಲಯದಂತೆ ಕಾಣುತ್ತದೆ. ಅದನ್ನು 4 ಮಾಡಿದರೆ ಎಂಟೆಂಟು ಕೋರ್‌ಗಳಿಗೆ ಮೂರು ಮೂರು ಚಾನೆಲ್‌ಗಳಂತೆ ನಾಲ್ಕು ವಲಯಗಳಾಗಿ, ಪ್ರತಿ ಕೋರಿಗೂ ತನ್ನ ಹತ್ತಿರದ ಮೆಮೊರಿಯಿಂದಲೇ ದತ್ತಾಂಶ ಸಿಗುತ್ತದೆ. ಓಪನ್‌ಫೋಮ್‌ನಂಥ ಎಂಪಿಐ ತಂತ್ರಾಂಶಕ್ಕೆ ಇದು ಹೇಳಿ ಮಾಡಿಸಿದ ವ್ಯವಸ್ಥೆ, ಏಕೆಂದರೆ ಅಲ್ಲಿ ಪ್ರತಿಯೊಂದು ಪ್ರಕ್ರಿಯೆಯೂ ತನ್ನ ಪಾಲಿನ ಮೆಶ್‌ನ್ನು ತಾನೇ ಇಟ್ಟುಕೊಂಡಿರುತ್ತದೆ. ಆದರೆ ಪ್ರಕ್ರಿಯೆಗಳು ಕೋರಿನಿಂದ ಕೋರಿಗೆ ಅಲೆಯದಂತೆ ಕಟ್ಟಿಹಾಕಬೇಕು; ಎಂಪಿಐರನ್ ಆಜ್ಞೆಯಲ್ಲಿ ‘ಬೈಂಡ್-ಟು ಕೋರ್’ ಮತ್ತು ‘ಮ್ಯಾಪ್-ಬೈ ನ್ಯೂಮಾ’ ಎರಡನ್ನೂ ಕೊಡದೆ ಪರೀಕ್ಷೆ ಮಾಡಿದರೆ ಬೆಳಿಗ್ಗೆಯ ಓಟಕ್ಕೂ ಸಂಜೆಯ ಓಟಕ್ಕೂ ತಾಳೆಯಾಗುವುದಿಲ್ಲ. ವಿಶೇಷವಾಗಿ ಅರ್ಧ ಕೋರ್‌ಗಳನ್ನು ಮಾತ್ರ ಬಳಸುವಾಗ, ಹದಿನಾರೂ ಪ್ರಕ್ರಿಯೆಗಳು ಎರಡೇ ವಲಯಗಳಲ್ಲಿ ಗುಂಪುಗೂಡಿದರೆ ಆರು ಚಾನೆಲ್‌ಗಳು ಸುಮ್ಮನೆ ಕೂತಿರುತ್ತವೆ. ಒಂದು ಕೋರಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಸುವ ಎಸ್‌ಎಂಟಿ ಸೌಲಭ್ಯವನ್ನು ನಾನು ನಿಲ್ಲಿಸಿಯೇ ಇಟ್ಟಿದ್ದೇನೆ. ಮೆಮೊರಿಗಾಗಿ ಕಾಯುವ ಕೆಲಸಕ್ಕೆ ಒಂದೇ ಕೋರಿನಲ್ಲಿ ಇಬ್ಬರನ್ನು ಕೂರಿಸುವುದರಿಂದ ಲಾಭವಿಲ್ಲ, ಪ್ರಕ್ರಿಯೆಗಳ ನಡುವಿನ ಮಾತುಕತೆ ಮಾತ್ರ ಹೆಚ್ಚುತ್ತದೆ.

ಸಮಾಂತರ ಗಣನೆ ಬೆಂಗಳೂರಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. 1986ರಲ್ಲಿಯೇ ನಗರದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇಂಟೆಲ್ 8086 ಮತ್ತು 8087 ಚಿಪ್‌ಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತ್ತು. ರೊದ್ದಂ ನರಸಿಂಹ ಅವರು ಆಗ ಸಂಸ್ಥೆಯ ನಿರ್ದೇಶಕರಾಗಿದ್ದರು. ಹೆಸರೇ ಹೇಳುವಂತೆ ಅದು ಹುಟ್ಟಿದ್ದು ಹರಿವಿನ ಲೆಕ್ಕಕ್ಕಾಗಿ. ಆ ಕಾಲಕ್ಕೆ ಹೊರಗಿನಿಂದ ಸೂಪರ್‌ಕಂಪ್ಯೂಟರ್ ತರಿಸುವುದು ಎಷ್ಟು ಕಷ್ಟವಿತ್ತೆಂದರೆ ಇರುವ ಚಿಪ್‌ಗಳನ್ನೇ ಒಟ್ಟಿಗೆ ದುಡಿಸುವುದೇ ದಾರಿಯಾಗಿತ್ತು.

9354ಪಿಗೆ ಸೋಲಾಗುವ ಕೆಲಸಗಳೂ ಇವೆ, ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಮೆಶ್‌ನ್ನು ತುಂಡು ಮಾಡುವ ಡಿಕಂಪೋಸ್‌ಪಾರ್, ಮತ್ತೆ ಕೂಡಿಸುವ ರೀಕನ್‌ಸ್ಟ್ರಕ್ಟ್‌ಪಾರ್ ಇವೆರಡೂ ಒಂದೇ ಕೋರಿನಲ್ಲಿ ನಡೆಯುವಂಥವು. ಅಲ್ಲಿ 5.7 ಗಿಗಾಹರ್ಟ್ಸ್‌ವರೆಗೆ ಏರಬಲ್ಲ 7950ಎಕ್ಸ್ ಮುಂದೆ 3.8 ಗಿಗಾಹರ್ಟ್ಸ್‌ನ ಈ ಯಂತ್ರ ಸಪ್ಪೆ. ಜ್ಯಾಮಿತಿಯನ್ನು ತಿದ್ದುವ ಕ್ಯಾಡ್ ಕೆಲಸ, ಪ್ಯಾರಾವ್ಯೂನಲ್ಲಿ ಚಿತ್ರ ತೆಗೆಯುವ ಕೆಲಸಕ್ಕೂ ಹಳೆಯ ಡೆಸ್ಕ್‌ಟಾಪ್ ಹೆಚ್ಚು ಚುರುಕು. ಆದ್ದರಿಂದ ಅದನ್ನು ಮಾರದೆ ಮೇಜಿನ ಮೇಲೆ ಇಟ್ಟುಕೊಂಡು, ಎಪಿಕ್ ಯಂತ್ರವನ್ನು ಪಕ್ಕದ ಕೋಣೆಗೆ ಕಳಿಸಿದ್ದೇವೆ. ಅದಕ್ಕೆ ಇನ್ನೊಂದು ಕಾರಣವೂ ಉಂಟು: ಸದ್ದು. ಸರ್ವರ್ ಬೋರ್ಡಿನ ಫ್ಯಾನ್‌ಗಳು ಯಂತ್ರ ಏಳುವಾಗ ಪೂರ್ಣ ವೇಗದಲ್ಲಿ ಕೂಗುತ್ತವೆ, ಲೆಕ್ಕ ನಡೆಯುವಾಗಲೂ ಒಂದೇ ಸಮನೆ ಮೊರೆಯುತ್ತವೆ. ಪಕ್ಕದಲ್ಲಿ ಕೂತು ಗ್ರಾಹಕರೊಡನೆ ಫೋನಿನಲ್ಲಿ ಮಾತನಾಡುವುದು ಆಗದ ಮಾತು. ಮೆಮೊರಿ ಪಟ್ಟಿಗಳ ಮೇಲೂ ಗಾಳಿ ಹಾಯಬೇಕಾದ್ದರಿಂದ ಫ್ಯಾನ್ ವೇಗವನ್ನು ಮನಸ್ಸಿಗೆ ಬಂದಂತೆ ತಗ್ಗಿಸುವಂತೆಯೂ ಇಲ್ಲ. ಯಂತ್ರ ಏಳುವ ಸಮಯವೂ ದೀರ್ಘ, ಮೆಮೊರಿಯನ್ನು ಪರೀಕ್ಷಿಸಿಕೊಂಡು ತೆರೆಗೆ ಬೆಳಕು ಬರುವಷ್ಟರಲ್ಲಿ ಕಾಫಿ ಮುಗಿದಿರುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ಪ್ರದೇಶದವರು 280 ವ್ಯಾಟ್‌ನ ಪ್ರೊಸೆಸರಿಗೆ ತಕ್ಕ ಯುಪಿಎಸ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಹಳೆಯ ಡೆಸ್ಕ್‌ಟಾಪಿಗೇ ಮೆಮೊರಿ ಹೆಚ್ಚಿಸಿ ಕೆಲಸ ಸಾಗಿಸಬಾರದೇ ಎಂದು ಕೇಳುವವರಿಗೆ ಒಂದು ಮಾತು. 7950ಎಕ್ಸ್‌ನಲ್ಲಿ ನಾಲ್ಕೂ ಸ್ಲಾಟ್‌ಗಳನ್ನು ತುಂಬಿದರೆ ಎಎಂಡಿ ಅಧಿಕೃತವಾಗಿ ಒಪ್ಪುವ ವೇಗ ಡಿಡಿಆರ್5-3600ಕ್ಕೆ ಇಳಿಯುತ್ತದೆ, ಸೆಕೆಂಡಿಗೆ 83.2 ಜಿಬಿ ಇದ್ದದ್ದು 57.6 ಆಗುತ್ತದೆ. ಪಟ್ಟಿಗಳು ನಾಲ್ಕಾದರೂ ಚಾನೆಲ್‌ಗಳು ಎರಡೇ. ದೊಡ್ಡ ಮೆಶ್ ಹಿಡಿಯುತ್ತದೆ, ನಡೆ ನಿಧಾನವಾಗುತ್ತದೆ.

ಫ್ಲೂಯೆಂಟ್ ಬಳಸುವವರಿಗೆ ಈ ಪ್ರೊಸೆಸರಿನ 32 ಎಂಬ ಸಂಖ್ಯೆ ಇನ್ನೊಂದು ಬಗೆಯಲ್ಲಿ ಅನುಕೂಲ. ಅದರ ಮೂಲ ಲೈಸೆನ್ಸಿನಲ್ಲಿ ನಾಲ್ಕು ಕೋರ್‌ಗಳು ಸೇರಿರುತ್ತವೆ. ಒಂದು ಎಚ್‌ಪಿಸಿ ಪ್ಯಾಕ್ ಕೊಂಡರೆ ಇನ್ನೂ 8, ಎರಡು ಕೊಂಡರೆ 32, ಮೂರು ಕೊಂಡರೆ 128 ಕೋರ್‌ಗಳು ಸೇರುತ್ತವೆ. ಎರಡು ಪ್ಯಾಕ್‌ಗಳಲ್ಲಿ 36 ಕೋರ್‌ಗಳವರೆಗೆ ಅವಕಾಶವಿರುವುದರಿಂದ 9354ಪಿಯ ಎಲ್ಲ ಕೋರ್‌ಗಳೂ ಅದರೊಳಗೆ ಬರುತ್ತವೆ. 64 ಕೋರ್‌ಗಳ ಯಂತ್ರ ಕೊಂಡವರು ಒಂದೋ ಮೂರನೆಯ ಪ್ಯಾಕಿಗೆ ದುಡ್ಡು ಸುರಿಯಬೇಕು, ಇಲ್ಲವೇ ಅರ್ಧ ಪ್ರೊಸೆಸರನ್ನು ಖಾಲಿ ಕೂರಿಸಬೇಕು. ಲೈಸೆನ್ಸಿನ ಬೆಲೆ ಯಂತ್ರದ ಬೆಲೆಯನ್ನು ಮೀರಿಸುವ ಈ ಲೋಕದಲ್ಲಿ ಒಂದೊಂದು ಕೋರಿಗೂ ಎಷ್ಟು ಮೆಮೊರಿ ವೇಗ ಸಿಗುತ್ತದೆ ಎಂಬುದೇ ನಿಜವಾದ ಮಿತವ್ಯಯ. ಓಪನ್‌ಫೋಮ್‌ಗೆ ಈ ಕಾಟವಿಲ್ಲ. 2004ರಲ್ಲಿ ಮುಕ್ತ ಆಕರವಾಗಿ ಹೊರಬಂದ ಅದನ್ನು ಎಷ್ಟು ಕೋರ್‌ಗಳಲ್ಲಿ ಓಡಿಸಿದರೂ ಯಾರೂ ಲೆಕ್ಕ ಕೇಳುವುದಿಲ್ಲ.

ಇದೇ ಕುಟುಂಬದಲ್ಲಿ ಇತರ ಆಯ್ಕೆಗಳೂ ಇವೆ. 9334 ಕೂಡ 32 ಕೋರ್‌ಗಳದೇ, ಹನ್ನೆರಡೇ ಚಾನೆಲ್‌ಗಳದೇ. ಆದರೆ ಅದರ ಕ್ಯಾಶ್ 128 ಎಂಬಿ, ಮೂಲ ವೇಗ 2.7 ಗಿಗಾಹರ್ಟ್ಸ್. ಬೆಲೆಯ ವ್ಯತ್ಯಾಸ ಸಣ್ಣದು, ಬಿಟ್ಟುಬಿಡಿ. 2023ರ ಜೂನ್‌ನಲ್ಲಿ ಬಂದ 9384ಎಕ್ಸ್ ಹೆಚ್ಚು ಯೋಚನೆಗೆ ಹಚ್ಚುವಂಥದು. ಕೋರ್ ಮತ್ತು ಚಾನೆಲ್‌ಗಳಲ್ಲಿ ಯಾವ ಬದಲಾವಣೆಯೂ ಇಲ್ಲದೆ ಮುಖ್ಯವಾಗಿ ಕ್ಯಾಶನ್ನು 768 ಎಂಬಿಗೆ ಏರಿಸಿದ ಈ ಪ್ರೊಸೆಸರಿನ ಬಿಡುಗಡೆ ಬೆಲೆ 5,529 ಡಾಲರ್, 9354ಪಿಯ ಎರಡು ಪಟ್ಟು. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಸುಮಾರು ಒಂದು ಕೋಟಿ ಸೆಲ್‌ಗಳವರೆಗಿನ ಒತ್ತಡದ ಮ್ಯಾಟ್ರಿಕ್ಸ್ ಅದರ ಕ್ಯಾಶ್‌ನಲ್ಲಿ ಹಿಡಿಯಬಹುದು. ದಿನವಿಡೀ ಅದೇ ಗಾತ್ರದ ಮೆಶ್‌ಗಳನ್ನು ಓಡಿಸುವವರು, ಅದರಲ್ಲೂ ಲೈಸೆನ್ಸಿಗೆ ಕೋರ್ ಲೆಕ್ಕದಲ್ಲಿ ಹಣ ಕಟ್ಟುವವರು ಅದನ್ನು ಕೊಳ್ಳುವುದರಲ್ಲಿ ಅರ್ಥವಿದೆ. ನಮ್ಮಂತೆ 3 ಕೋಟಿ ಸೆಲ್‌ಗಳವರೆಗೆ ಹೋಗುವವರಿಗೆ ಆ ಹೆಚ್ಚುವರಿ ಹಣದಲ್ಲಿ ಎರಡನೆಯ ಯಂತ್ರದ ಪ್ರೊಸೆಸರೇ ಬರುತ್ತದೆ. ಗ್ರಾಫಿಕ್ಸ್ ಕಾರ್ಡ್‌ಗಳ ಮಾತು ಎತ್ತುವವರಿಗೆ: ಆರ್‌ಟಿಎಕ್ಸ್ 4090ರ ಮೆಮೊರಿ ಸೆಕೆಂಡಿಗೆ 1,008 ಜಿಬಿ ಒದಗಿಸುತ್ತದೆ ನಿಜ, ಆದರೆ ಅದರಲ್ಲಿರುವುದು 24 ಜಿಬಿ ಮಾತ್ರ, ದ್ವಿಗುಣ ನಿಖರತೆಯ ಗಣಿತದಲ್ಲಿ ಅದರ ವೇಗ ಏಕ ನಿಖರತೆಯ ಅರವತ್ನಾಲ್ಕರಲ್ಲಿ ಒಂದು ಪಾಲು, ಮತ್ತು ನಮ್ಮ ದಿನಬಳಕೆಯ ಓಪನ್‌ಫೋಮ್ ಅದರ ಮೇಲೆ ಹಾಗೆಯೇ ಓಡುವುದಿಲ್ಲ. ಹರಿವನ್ನು ಬೇರೆ ಬಗೆಯಲ್ಲಿ ಲೆಕ್ಕ ಹಾಕುವ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದವರ ಕಥೆ ಬೇರೆ; ಅವರಿಗೆ ಅದೇ ಕಾರ್ಡ್ ಭಾಗ್ಯ.

ಹೀಗಾಗಿ ಒಂದರಿಂದ ಮೂರು ಕೋಟಿ ಸೆಲ್‌ಗಳ ಕೆಲಸ ಮಾಡುವ ಸಣ್ಣ ಕಚೇರಿಗೆ, ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ನಾನು 9354ಪಿಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಕೊಟೇಶನ್ನಿನಲ್ಲಿ ‘16 ಜಿಬಿ ಡಿಡಿಆರ್5-4800 ಆರ್‌ಡಿಮ್, ಹನ್ನೆರಡು ಪಟ್ಟಿಗಳು, ಹನ್ನೆರಡು ಚಾನೆಲ್‌ಗಳಲ್ಲಿ’ ಎಂದು ಬರೆಸಿಕೊಳ್ಳಬೇಕು, ಮತ್ತು ಬಾಕಿ ಹಣ ಕೊಡುವ ಮುನ್ನ ಸಾಲಿನ ಗಾತ್ರ ಕಾಣುವಂತೆ ಸ್ಟ್ರೀಮ್‌ನ ಫಲಿತಾಂಶ ಕೇಳಬೇಕು. ಆರ್‌ಡಿಮ್ ಎಂದರೆ ಸರ್ವರ್‌ಗಳಿಗೆಂದೇ ಮಾಡಿದ ಮೆಮೊರಿ ಪಟ್ಟಿ; ಡೆಸ್ಕ್‌ಟಾಪಿನ ಸಾಮಾನ್ಯ ಡಿಡಿಆರ್5 ಪಟ್ಟಿಗಳು ಇದಕ್ಕೆ ಕೂರುವುದಿಲ್ಲ, ಆದ್ದರಿಂದ ಎಸ್‌ಪಿ ರೋಡಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಪ್ರತ್ಯೇಕವಾಗಿ ಕೊಂಡು ತರಬೇಡಿ. ಇಂದು ಹೊಸದಾಗಿ ಕೊಳ್ಳುವವರು 2024ರ ಅಕ್ಟೋಬರಿನಲ್ಲಿ ಬಂದ 9005 ಸರಣಿಯನ್ನೂ ವಿಚಾರಿಸಬೇಕು. ಅದರಲ್ಲಿ ಡಿಡಿಆರ್5-6000 ಹಾಕಿದರೆ ಅದೇ ಹನ್ನೆರಡು ಚಾನೆಲ್‌ಗಳಿಂದ ಸೆಕೆಂಡಿಗೆ 576 ಜಿಬಿ ಸಿಗುತ್ತದೆ, ಕಾಲು ಪಾಲು ಹೆಚ್ಚು. ಸಾಕೆಟ್ ಎರಡಕ್ಕೂ ಎಸ್‌ಪಿ5 ಆಗಿರುವುದರಿಂದ ಈಗಿನ ಬೋರ್ಡಿಗೇ ಮುಂದೆ ಅದನ್ನು ಕೂರಿಸುವ ಅವಕಾಶ ಉಂಟು, ಆದರೆ ಬೋರ್ಡಿನ ತಯಾರಕರು ಅದಕ್ಕೆ ತಕ್ಕ ಬಯಾಸ್ ಕೊಟ್ಟಿದ್ದಾರೆಯೇ, ಆ ಬೋರ್ಡು ಹೆಚ್ಚಿನ ವೇಗದ ಮೆಮೊರಿಯನ್ನು ಒಪ್ಪುತ್ತದೆಯೇ ಎಂಬುದನ್ನು ಮಾದರಿ ಸಂಖ್ಯೆ ಹಿಡಿದು ಮೊದಲೇ ನೋಡಿಕೊಳ್ಳಬೇಕು.